ಹಿತ್ತಿಲ ಓಣಿಯಿಂದ ಮುಂಬಾಗಿಲಿಗೆ

2020ರ ಮಾರ್ಚ್ 25, ಬುಧವಾರ, ಶಾರ್ವರಿ ಸಂವತ್ಸರದ ಯುಗಾದಿ. ಹಿಂದಿನ ರಾತ್ರಿ ಪ್ರಧಾನಿ ಘೋಷಿಸಿದ್ದ 21 ದಿನಗಳ ಲಾಕ್‌ಡೌನ್‌ಗೂ ಅದೇ ಮೊದಲ ದಿನ. ಕರ್ನಾಟಕ ಸರ್ಕಾರ ಅದಕ್ಕೂ ಮುಂಚೆಯೇ ಮೈಸೂರೂ ಸೇರಿದಂತೆ ಒಂಬತ್ತು ಜಿಲ್ಲೆಗಳಿಗೆ ಬೀಗ ಹಾಕಿಯಾಗಿತ್ತು. ದೇವರಾಜ ಮಾರುಕಟ್ಟೆಯ ಸುತ್ತ ಮಾವಿನ ಸೊಪ್ಪು, ಬೇವಿನ ಹೂ, ಮಲ್ಲಿಗೆ ಮಾಲೆಗಳ ರಾಶಿ ಬೀಳಬೇಕಿದ್ದ ಹೊತ್ತಿನಲ್ಲಿ ಊರು ಬಾಗಿಲು ಹಾಕಿಕೊಂಡು ಕೂತಿತ್ತು. ಆದರೂ ಮನೆಗಳ ಹೊಸ್ತಿಲಿಗೆ ತೋರಣ ಬಂತು, ಬೇವು ಬೆಲ್ಲವೂ ಆಯಿತು. ನಗರದ ನೈರುತ್ಯದ ಅಂಚಿನ ದಟ್ಟಗಳ್ಳಿಯಂಥ ಬಡಾವಣೆಯಲ್ಲಿ ಇದಕ್ಕೆ ಸುಲಭದ ಕಾರಣವಿತ್ತು. ಇಲ್ಲಿ ಕಾಂಪೌಂಡಿನ ಒಳಗೋ ರಸ್ತೆಯ ಬದಿಗೋ ಒಂದು ಮಾವು, ಒಂದು ಬೇವು, ಕರಿಬೇವಿನ ಗಿಡ, ನುಗ್ಗೆ ಮರ ಇದ್ದೇ ಇರುತ್ತವೆ. ಇರುವವರು ಕಿತ್ತು ಇಲ್ಲದವರ ಗೇಟಿಗೆ ಸಿಕ್ಕಿಸಿ ಹೋದರು.

ದುಡ್ಡು ಕೊಟ್ಟು ತರುತ್ತಿದ್ದ ಸೊಪ್ಪು ಪಕ್ಕದ ಮನೆಯವರ ಕೈಯಿಂದ ಬಂದಾಗ ಅದರ ಬೆಲೆ ಬೇರೆಯಾಗುತ್ತದೆ. ಅಂದಿನಿಂದ ಎರಡು ತಿಂಗಳು ಮೈಸೂರಿನ ಬಡಾವಣೆಗಳು ಇಂಥ ಲೆಕ್ಕವನ್ನೇ ದಿನಾ ಕಲಿತವು. ಹಾಲಿನ ಪ್ಯಾಕೆಟ್ ಹೊತ್ತಿಗೆ ಸರಿಯಾಗಿ ಬಂತೆಂದರೆ ನೆಮ್ಮದಿ, ನಲ್ಲಿಯಲ್ಲಿ ನೀರು ಬಂತೆಂದರೆ ನೆಮ್ಮದಿ. ಕಸದ ಗಾಡಿಯ ಸದ್ದು ಕೇಳಿತೆಂದರೆ ಊರಿನ ಯಂತ್ರ ಇನ್ನೂ ನಿಂತಿಲ್ಲ ಎಂಬ ಧೈರ್ಯ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇದ್ದು ಇಲ್ಲಿ ಒಂಟಿಯಾಗಿ ಉಳಿದ ಪಿಂಚಣಿದಾರರ ಮನೆಗಳು ಮೈಸೂರಿನಲ್ಲಿ ಬಹಳ. ಅಂಥ ಮನೆಗಳಿಗೆ ಬಿ.ಪಿ. ಮಾತ್ರೆ ತಂದುಕೊಟ್ಟ ಎದುರು ಮನೆಯ ಹುಡುಗ ಮನೆಮಗನಾದ. ವರ್ತುಲ ರಸ್ತೆಯ ಲಾರಿಗಳ ಮೊರೆತ ನಿಂತು, ಬೆಳಗಿನ ಹೊತ್ತು ಹಕ್ಕಿಗಳ ದನಿ ತಾರಸಿಯವರೆಗೂ ಕೇಳತೊಡಗಿತು.

ಆ ದಿನಗಳ ಕೃತಜ್ಞತೆಯನ್ನು ಒಂದು ಭಾವನೆ ಎಂದಷ್ಟೇ ನೋಡಿದರೆ ಅದರ ಅರ್ಧ ಮಾತ್ರ ಕಾಣುತ್ತದೆ. ಅದಕ್ಕೊಂದು ಇತಿಹಾಸವಿದೆ. ಪಿಡುಗು ಬಂದಾಗ ಮೈಸೂರು ಯಾರಿಗೆ ಕೈಮುಗಿಯಿತು, ಯಾರನ್ನು ಕಣ್ಣಿಗೆ ಬೀಳದಂತೆ ಇಟ್ಟಿತು ಎಂಬ ಇತಿಹಾಸ ಅದು. ಆ ಇತಿಹಾಸ ದಟ್ಟಗಳ್ಳಿಯ ಬೀದಿಗಳ ನಕ್ಷೆಯಲ್ಲೇ ಅಡಗಿದೆ. ಏಕೆಂದರೆ ಈ ಬಡಾವಣೆಯ ವಂಶವೃಕ್ಷ ಹಿಡಿದು ಹಿಂದಕ್ಕೆ ಹೋದರೆ ಅದು ಸೀದಾ 1898ರ ಪ್ಲೇಗಿಗೆ ಮುಟ್ಟುತ್ತದೆ.

ದಟ್ಟಗಳ್ಳಿ ಹಿಂದೆ ಹೊಲಗಳ ನಡುವಿನ ಒಂದು ಹಳ್ಳಿ. ಮೈಸೂರು ಕುವೆಂಪುನಗರ, ರಾಮಕೃಷ್ಣನಗರಗಳನ್ನು ದಾಟಿ ಪಶ್ಚಿಮಕ್ಕೂ ದಕ್ಷಿಣಕ್ಕೂ ಬೆಳೆದಾಗ ಹೊಲಗಳು ನಿವೇಶನಗಳಾದವು, ಹಳ್ಳಿಯ ಹೆಸರು ಬಡಾವಣೆಗೆ ಬಂತು. ಮೂರನೆಯ ಹಂತಕ್ಕೆ ಕನಕದಾಸನಗರ ಎಂಬ ಹೆಸರೂ ಇದೆ. ಮೂವತ್ತು–ನಲವತ್ತು, ನಲವತ್ತು–ಅರವತ್ತು ಅಡಿಗಳ ಈ ನಿವೇಶನಗಳನ್ನು ಅಳೆದು ಹಂಚಿದ್ದು ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಮುಡಾ. 1987ರ ಕಾಯ್ದೆಯಂತೆ ಮುಡಾ ಹುಟ್ಟಿದ್ದು 1988ರಲ್ಲಿ. ಅದಕ್ಕೂ ಮೊದಲು ಅದೇ ಕೆಲಸ ಮಾಡುತ್ತಿದ್ದದ್ದು ಸಿ.ಐ.ಟಿ.ಬಿ., ಅಂದರೆ 1903ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ವಿಶ್ವಸ್ತ ಮಂಡಳಿ. ಮುಂಬಯಿಯಲ್ಲಿ 1898ರಲ್ಲಿ ಇಂಥದೊಂದು ಟ್ರಸ್ಟ್ ಹುಟ್ಟಿತ್ತು, ಐದೇ ವರ್ಷಗಳಲ್ಲಿ ಮೈಸೂರಿನಲ್ಲೂ ಹುಟ್ಟಿತು. ಎರಡರ ತಾಯಿಯೂ ಒಂದೇ, ಪ್ಲೇಗು.

1898ರ ಆಗಸ್ಟ್‌ನಲ್ಲಿ ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಇಳಿಯಿತು. ಬೆಂಗಳೂರು–ಮೈಸೂರು ನಡುವೆ 1882ರಿಂದಲೇ ರೈಲು ಓಡುತ್ತಿತ್ತು. ರೋಗಕ್ಕೂ ಆ ಹಳಿ ಸಾಕಾಯಿತು. ಅರಮನೆ ಆಗಲೇ ಸಾವು ನೋವುಗಳಿಂದ ಜರ್ಜರಿತ. 1894ರ ಕೊನೆಗೆ ಕಲ್ಕತ್ತೆಯಲ್ಲಿ ಚಾಮರಾಜೇಂದ್ರ ಒಡೆಯರು ಡಿಫ್ತೀರಿಯಾದಿಂದ ತೀರಿಕೊಂಡಿದ್ದರು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ವೇಳೆ ಮರದ ಅರಮನೆ ಸುಟ್ಟುಹೋಗಿತ್ತು. ಚಾಮರಾಜೇಂದ್ರರ ಮಗ ಇನ್ನೂ ಚಿಕ್ಕವನಾದ್ದರಿಂದ ರೀಜೆಂಟರಾಗಿ ರಾಜ್ಯದ ಹೊಣೆ ಹೊತ್ತವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ದಿವಾನರು ಶೇಷಾದ್ರಿ ಅಯ್ಯರ್. ಪ್ಲೇಗ್ ಕಮಿಷನರ್ ಆಗಿ ನೇಮಕವಾದವರು ವಿ.ಪಿ. ಮಾಧವರಾವ್, ಮುಂದೆ ಅವರೂ ದಿವಾನರಾದರು.

1891ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ 74,048. 1901ರಲ್ಲಿ 68,111. ಬೆಳೆಯಬೇಕಿದ್ದ ರಾಜಧಾನಿ ಹತ್ತು ವರ್ಷಗಳಲ್ಲಿ ಆರು ಸಾವಿರ ಜನರಷ್ಟು ಕುಗ್ಗಿತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. 1911ಕ್ಕೂ 71,306ರಲ್ಲೇ ಇತ್ತು. ಇಪ್ಪತ್ತು ವರ್ಷ ಕಳೆದರೂ ಊರು ಹಳೆಯ ಲೆಕ್ಕಕ್ಕೆ ಮರಳಿರಲಿಲ್ಲ.

‘ಇಲಿ ಬಿತ್ತು’ ಎಂದರೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಅರ್ಥ ಒಂದೇ: ಗಂಟುಮೂಟೆ ಕಟ್ಟು, ಊರು ಬಿಡು. ತೋಟದಲ್ಲೋ ಹೊಲದಲ್ಲೋ ಸೋಗೆಯ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು. ಲಾಕ್‌ಡೌನಿಗೆ ಇದು ತದ್ವಿರುದ್ಧ. ಆಗ ಬದುಕಲು ಮನೆ ಬಿಡಬೇಕಿತ್ತು, 2020ರಲ್ಲಿ ಮನೆಯೊಳಗೇ ಇರಬೇಕಾಯಿತು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದಲ್ಲಿ ಪ್ಲೇಗಿನ ಶೆಡ್ಡುಗಳ ಬದುಕನ್ನೂ, ಒಬ್ಬ ತಾಯಿಯ ಮಡಿಲು ಬರಿದಾಗುವುದನ್ನೂ ಓದಿದವರಿಗೆ ಅದು ಮರೆಯುವಂಥದ್ದಲ್ಲ. ಬಾಲ್ಯದಲ್ಲಿ ಸ್ವಂತ ಒಡಹುಟ್ಟಿದವರನ್ನು ಪ್ಲೇಗಿಗೆ ಕೊಟ್ಟ ಲೇಖಕ ಅವರು. 2025ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ ಅವರ ಮನೆ ಇದ್ದದ್ದು ಮೈಸೂರಿನ ಕುವೆಂಪುನಗರದಲ್ಲಿ, ದಟ್ಟಗಳ್ಳಿಯ ನೆರೆಯಲ್ಲೇ. ಲಾಕ್‌ಡೌನಿನ ಕಾಲದಲ್ಲಿ ಈ ಭಾಗದ ಹಿರಿಯರಿಗೆ ಪ್ಲೇಗು ಪುಸ್ತಕದ ವಿಷಯವಾಗಿರಲಿಲ್ಲ, ಅಜ್ಜಿ ಹೇಳಿದ ಮನೆಯ ಕಥೆಯಾಗಿತ್ತು.

ಆಗ ಕೃತಜ್ಞತೆ ಎಲ್ಲಿಗೆ ಹೋಯಿತು? ಮಾರಮ್ಮನಿಗೆ. ರೋಗವನ್ನು ತಂದವಳೂ ಅವಳೇ, ಒಯ್ದವಳೂ ಅವಳೇ. ಉಳಿದವರು ತಂಬಿಟ್ಟಿನ ಆರತಿ ಹೊತ್ತು, ಬೇವಿನ ಸೊಪ್ಪು ಹಿಡಿದು ಅವಳ ಗುಡಿಗೆ ನಡೆದರು. ಬೆಂಗಳೂರಿನಲ್ಲಿ ಪ್ಲೇಗಮ್ಮ ಎಂಬ ಹೆಸರೇ ದೇವಿಗೆ ಬಂತು. ಮಧ್ಯ ಕರ್ನಾಟಕದ ಊರುಗಳಲ್ಲಿ ಇಂದಿಗೂ ನಡೆಯುವ ‘ಹೊರಬೀಡು’, ಒಂದು ಹಗಲು ಇಡೀ ಊರನ್ನು ಬರಿದು ಮಾಡಿ ಹೊರಗೆ ಅಡಿಗೆ ಮಾಡಿ ಉಂಡು ಸಂಜೆ ಮರಳುವ ಆಚರಣೆ, ಪಿಡುಗಿನ ಕಾಲದ ನೆನಪನ್ನು ಹಬ್ಬದ ರೂಪದಲ್ಲಿ ಉಳಿಸಿಕೊಂಡಿದೆ. ಉಳಿದೆವಲ್ಲ ಎಂಬ ಮಾತನ್ನು ಒಬ್ಬೊಬ್ಬರಾಗಿ ಹೇಳದೆ ಊರೆಲ್ಲ ಕೂಡಿ ಹೇಳುವ ರೀತಿ ಅದು. ಇದನ್ನು ಮೂಢನಂಬಿಕೆ ಎಂದು ತಳ್ಳಿಬಿಡುವವರು ಅದರೊಳಗಿನ ಆ ನಿಟ್ಟುಸಿರನ್ನು ಕೇಳಿಸಿಕೊಂಡಿಲ್ಲ.

ಮನುಷ್ಯರಿಗೆ ಸಲ್ಲಬೇಕಾದ ಕೃತಜ್ಞತೆ ಮಾತ್ರ ಆಗ ಬಹುಪಾಲು ಸಲ್ಲಲಿಲ್ಲ. ಅದಕ್ಕೆ ಸರ್ಕಾರದ ನಡೆಯೂ ಕಾರಣ. ಬ್ರಿಟಿಷ್ ಸರ್ಕಾರ ಮುಂಬಯಿ ಪ್ಲೇಗಿಗಾಗಿ 1897ರ ಫೆಬ್ರವರಿಯಲ್ಲಿ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆ ಅಧಿಕಾರಿಗಳಿಗೆ ಮಿತಿಯಿಲ್ಲದ ಅಧಿಕಾರ ಕೊಟ್ಟಿತ್ತು. ಮನೆ ಹೊಕ್ಕು ತಪಾಸಣೆ, ಸಾಮಾನು ಸುಡುವುದು, ರೋಗಿಗಳನ್ನು ಎಳೆದೊಯ್ದು ಶಿಬಿರದಲ್ಲಿಡುವುದು ದೇಶದ ಹಲವೆಡೆ ನಡೆಯಿತು. 1898ರ ನವೆಂಬರ್‌ನಲ್ಲಿ ಮೈಸೂರಿನಿಂದ ಕೂಗಳತೆಯಲ್ಲಿರುವ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆಯೆದ್ದರು. ಬಾಗಿಲು ತಟ್ಟಿದ ಆರೋಗ್ಯ ಸಿಬ್ಬಂದಿ ಆಗ ಜನರ ಕಣ್ಣಿಗೆ ಯಮನ ಕಡೆಯವರು.

ರೋಗ ಹರಡುವ ದಾರಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಇಲಿಯ ಮೈಮೇಲಿನ ಚಿಗಟ ಇದನ್ನು ಸಾಗಿಸುತ್ತದೆ ಎಂದು ಪಾಲ್ ಲೂಯಿ ಸೈಮಂಡ್ ಎಂಬ ಫ್ರೆಂಚ್ ವೈದ್ಯ 1898ರಲ್ಲೇ ಕಂಡುಕೊಂಡಿದ್ದರೂ ವೈದ್ಯಲೋಕ ಅದನ್ನು ಒಪ್ಪಲು ಹಲವು ವರ್ಷ ಹಿಡಿಯಿತು. ಕೆಟ್ಟ ಗಾಳಿ, ಕತ್ತಲೆ, ತೇವ, ಇಕ್ಕಟ್ಟು, ಇವೇ ಶತ್ರುಗಳೆಂದು ಎಲ್ಲರ ನಂಬಿಕೆ. ಹಾಗಾಗಿ ಮದ್ದು ಊರನ್ನು ಬಿಡಿಸಿ ಹರವುವುದೇ ಆಯಿತು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಮೈಸೂರಿನಲ್ಲಿ ಕೋಟೆಯೊಳಗಿನ ಕಿಕ್ಕಿರಿದ ಮನೆಗಳನ್ನು ತೆರವು ಮಾಡಿದರು. ಊರ ನಡುವೆ ಹಾದು ಕೊಳಚೆಗುಂಡಿಯಾಗಿದ್ದ ಪೂರ್ಣಯ್ಯನ ನಾಲೆಯೂ ಆ ದಶಕಗಳಲ್ಲೇ ಮುಚ್ಚಿಹೋಯಿತು. ಚಾಮರಾಜಪುರ, ಲಕ್ಷ್ಮೀಪುರಗಳಂಥ ಹೊಸ ಬಡಾವಣೆಗಳಿಗೆ ಜನರನ್ನು ಸಾಗಿಸಿದರು. ಗೆರೆ ಎಳೆದಂಥ ರಸ್ತೆ, ಮನೆಯ ಮುಂದೆ ಒಂದಿಷ್ಟು ಜಾಗ, ಹಿಂದೆ ಹಿತ್ತಿಲು. ಮೈಸೂರಿಗೆ ಬಂದವರು ಇಂದಿಗೂ ಮೆಚ್ಚುವ ವಿಶಾಲ ಬೀದಿಗಳ ಸೊಗಸಿನ ಹಿಂದೆ ಈ ಭಯವಿದೆ.

ಪೂರ್ಣಯ್ಯನ ನಾಲೆಯ ಕಥೆ ಇಲ್ಲಿ ಎರಡು ಮಾತಿಗೆ ಅರ್ಹ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ದಿವಾನ್ ಪೂರ್ಣಯ್ಯ ಅದನ್ನು ತೋಡಿಸಿದ್ದು ಮೈಸೂರಿಗೆ ಕಾವೇರಿ ನೀರು ತರಬೇಕೆಂದು. ನೀರು ಬರಲೇ ಇಲ್ಲ. ಕಾವೇರಿ ಕೊನೆಗೂ ಊರಿಗೆ ಬಂದದ್ದು 1896ರಲ್ಲಿ, ಪ್ಲೇಗಿಗಿಂತ ಎರಡೇ ವರ್ಷ ಮೊದಲು. ಬೆಳಗೊಳದಿಂದ ನೀರೆತ್ತಿದ ಆ ಸ್ಥಾವರಕ್ಕೆ ವಾಣಿವಿಲಾಸ ನೀರು ಸರಬರಾಜು ಕೇಂದ್ರ ಎಂದು ಹೆಸರು. ವಾಣಿವಿಲಾಸ ಸನ್ನಿಧಾನ ಎಂದರೆ ಅದೇ ರೀಜೆಂಟ್ ಮಹಾರಾಣಿ. ದಿನಕ್ಕೆ ಹತ್ತು ಸಲ ಸೋಪು ಹಾಕಿ ಕೈ ತೊಳೆಯಿರಿ ಎಂದು 2020ರಲ್ಲಿ ಹೇಳಿದ್ದನ್ನು ಮೈಸೂರಿನವರು ಪಾಲಿಸಲು ಸಾಧ್ಯವಾದದ್ದು ಹೀಗೆ ಶತಮಾನಕ್ಕೂ ಹಿಂದೆ ಹಿಡಿದ ಹಟದ ಫಲ. ನಲ್ಲಿ ತಿರುಗಿಸಿದಾಗ ಕೈಮೇಲೆ ಬೀಳುವ ನೀರಿಗೆ ಯಾರನ್ನಾದರೂ ನೆನೆಯಬೇಕೆಂದರೆ ಆ ವಿಧವೆ ರಾಣಿಯನ್ನೂ, ಬೆಳಗೊಳದಲ್ಲಿ ಹಗಲಿರುಳು ಪಂಪು ಕಾಯ್ದವರನ್ನೂ ನೆನೆಯಬೇಕು.

ಈಗ ಹಿತ್ತಿಲಿಗೆ ಬರೋಣ. ಚಾಮರಾಜಪುರ, ಲಕ್ಷ್ಮೀಪುರ, ಕೃಷ್ಣಮೂರ್ತಿಪುರಗಳ ಹಳೆಯ ಮನೆಗಳ ಬೆನ್ನಿಗೆ ಇಂದಿಗೂ ಕಿರಿದಾದ ಓಣಿಗಳು ಕಾಣುತ್ತವೆ. ಮೈಸೂರಿಗರು ಇವನ್ನು ಕನ್ಸರ್ವೆನ್ಸಿ ಎನ್ನುತ್ತಾರೆ. ಈಗ ಅಲ್ಲಿ ಸ್ಕೂಟರ್ ನಿಲ್ಲುತ್ತವೆ, ಹುಡುಗರು ಕ್ರಿಕೆಟ್ ಆಡುತ್ತಾರೆ. ಎರಡು ಸಾಲು ಮನೆಗಳ ಹಿತ್ತಿಲ ಗೋಡೆಗಳ ನಡುವೆ ಈ ಓಣಿಯನ್ನು ಬಿಟ್ಟದ್ದು ಒಂದೇ ಕೆಲಸಕ್ಕೆ. ಹಿತ್ತಿಲ ತುದಿಯಲ್ಲಿ ಕಕ್ಕಸು, ಅದರ ಹಿಂಬದಿಗೆ ಓಣಿಯತ್ತ ತೆರೆಯುವ ಗೇಣಗಲದ ಕಿಂಡಿ. ಬೆಳಗ್ಗೆ ಮಲ ಎತ್ತುವವರು ಆ ಕಿಂಡಿಯಿಂದ ಡಬ್ಬ ಎಳೆದು, ಬಕೆಟ್ಟಿಗೋ ಗಾಡಿಗೋ ಸುರಿದುಕೊಂಡು, ಮನೆಯ ಯಾರೊಬ್ಬರ ಮುಖವನ್ನೂ ನೋಡದೆ ಮುಂದಿನ ಕಿಂಡಿಗೆ ಹೋಗಬೇಕು.

ಪ್ಲೇಗು ಕಟ್ಟಿಸಿದ ಹೊಸ ಊರು ಆರೋಗ್ಯವಾಗಿದ್ದದ್ದು ಈ ಜನರಿಂದ. ಅವರಲ್ಲಿ ಬಹುತೇಕರು ದಲಿತರು; ಹಲವು ಕುಟುಂಬಗಳ ಮನೆಮಾತು ಇಂದಿಗೂ ತೆಲುಗು, ಪೌರಕೆಲಸಕ್ಕೆಂದೇ ಆಂಧ್ರದ ಕಡೆಯಿಂದ ಬಂದ ಪೀಳಿಗೆಗಳ ಗುರುತು ಅದು. ಗಾಳಿ ಬೆಳಕಿಗೆಂದು ಮುಂದಿನ ರಸ್ತೆಯನ್ನು ಅಗಲ ಮಾಡಿದ ಯೋಜನೆಯೇ ಅವರಿಗಾಗಿ ಹಿಂದೊಂದು ಮರೆಯ ದಾರಿಯನ್ನೂ ಕೊರೆಯಿತು. ಅವರ ಕೆಲಸವಿಲ್ಲದೆ ಒಂದು ವಾರವೂ ನಡೆಯದ ಊರು ಅವರ ಹೆಸರನ್ನು ಎಲ್ಲೂ ಬರೆದಿಡಲಿಲ್ಲ. ಬಡಾವಣೆಗಳಿಗೆ ರಾಜರ, ರಾಣಿಯರ, ದಿವಾನರ ಹೆಸರು ಬಂತು. ಓಣಿಗೆ ಹೆಸರೇ ಇರಲಿಲ್ಲ. ಮೈಸೂರಿನ ನಗರ ಯೋಜನೆಯನ್ನು ಹೊಗಳುವ ಬರಹಗಳು ಈ ಓಣಿಯನ್ನು ತಾಂತ್ರಿಕ ಜಾಣ್ಮೆಯಾಗಿ ಮಾತ್ರ ನೋಡಿವೆ. ಅದು ಜಾತಿಯನ್ನು ಇಟ್ಟಿಗೆ ಗಾರೆಯಲ್ಲಿ ಕಟ್ಟಿದ ರೀತಿಯೂ ಹೌದು ಎಂಬುದನ್ನು ಬಿಟ್ಟು ಈ ಊರಿನ ಕೃತಜ್ಞತೆಯ ಕಥೆ ಹೇಳಲಾಗದು.

ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ ಮುಂದಾದದ್ದು 1970ರ ದಶಕದ ಆರಂಭದಲ್ಲಿ, ಹುಣಸೂರಿನ ದೇವರಾಜ ಅರಸರು ಮುಖ್ಯಮಂತ್ರಿ, ಬಿ. ಬಸವಲಿಂಗಪ್ಪನವರು ಸಚಿವರು. ಕೇಂದ್ರದ ಕಾಯ್ದೆಗಳು ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ಅಷ್ಟರಲ್ಲಿ ಒಳಚರಂಡಿ ಬಂದಿತ್ತು. ಒಳಚರಂಡಿಯ ಕಾಲದಲ್ಲಿ ರೂಪುಗೊಂಡ ದಟ್ಟಗಳ್ಳಿಯಂಥ ಬಡಾವಣೆಗೆ ಹಿತ್ತಿಲ ಓಣಿ ಬೇಕಾಗಲಿಲ್ಲ. ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತವು. ಪೌರಕಾರ್ಮಿಕರು ಬರುವುದಾದರೆ ಮುಂದಿನ ರಸ್ತೆಯಿಂದಲೇ, ಗೇಟಿನ ಎದುರಿಗೇ ಬರಬೇಕು. ದಿನಾ ಬೆಳಗ್ಗೆ ಸೀಟಿ ಊದಿ ಕಸ ಕೇಳುವ ಹೆಂಗಸಿನ ಕೈಗೆ ಮನೆಯವರು ಹಸಿಕಸ, ಒಣಕಸದ ಬುಟ್ಟಿಗಳನ್ನು ಕೊಡುವಾಗ ಎರಡು ಮುಖಗಳು ಎದುರಾಗುತ್ತವೆ. 2015ರಲ್ಲೂ 2016ರಲ್ಲೂ ಮೈಸೂರು ದೇಶದ ಅತ್ಯಂತ ಸ್ವಚ್ಛ ನಗರವೆಂಬ ಹೆಸರು ಪಡೆದದ್ದು ದಿನನಿತ್ಯದ ಈ ಕೊಡುಕೊಳ್ಳುವಿಕೆಯಿಂದ. ಆದರೂ ಕಣ್ಣೆತ್ತಿ ನೋಡುವ ಅಭ್ಯಾಸ ಎಲ್ಲ ಗೇಟುಗಳಲ್ಲೂ ಇನ್ನೂ ಬಂದಿರಲಿಲ್ಲ.

1918ರ ಇನ್‌ಫ್ಲುಯೆಂಜಾವನ್ನು ಇಲ್ಲಿ ಬೇಗ ದಾಟಬೇಕು, ಏಕೆಂದರೆ ಊರಿನ ನೆನಪೂ ಅದನ್ನು ಬೇಗ ದಾಟಿದೆ. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ನುಂಗಿದ ಆ ಜ್ವರಕ್ಕೆ ಮಾರಮ್ಮನ ಗುಡಿಯೂ ಏಳಲಿಲ್ಲ, ಹೊಸ ಬಡಾವಣೆಯೂ ಹುಟ್ಟಲಿಲ್ಲ. ಬೆಂಗಳೂರಿನಲ್ಲಿ ಸ್ವಯಂಸೇವಕರು ಬಡವರ ಬೀದಿಗಳಲ್ಲಿ ಗಂಜಿಯನ್ನೂ ಔಷಧಿಯನ್ನೂ ಹಂಚಿದರು. ಬಾಗಿಲಿಗೆ ಬಂದವರ ಕೈಯಲ್ಲಿ ಈ ಸಲ ತಪಾಸಣೆಯ ಆದೇಶದ ಬದಲು ಗಂಜಿ ಇತ್ತು. ದಂಗೆ ಏಳಲಿಲ್ಲ. ಮೈಸೂರಿನಲ್ಲಿ ರೋಗಕ್ಕೂ ನೆನಪಿಗೂ ಕಟ್ಟಡ ಕಟ್ಟಿದ್ದು ಕ್ಷಯದ ಹೆಸರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದ ಮೇಲೆ, 1921ರಲ್ಲಿ ಅವರ ಹೆಸರಿನ ಕ್ಷಯರೋಗ ಆಸ್ಪತ್ರೆ ತಲೆಯೆತ್ತಿತು. ಕೆ.ಆರ್.ಎಸ್. ರಸ್ತೆಯ ಅದೇ ಆವರಣದ ಹೊಸ ಜಿಲ್ಲಾಸ್ಪತ್ರೆಯೇ 2020ರಲ್ಲಿ ಕೋವಿಡ್ ಆಸ್ಪತ್ರೆಯಾಯಿತು.

ದಟ್ಟಗಳ್ಳಿಯ ಜನರಿಗೆ ಬೆಳಗಿನ ವಾಕಿಂಗಿಗೆ ಹತ್ತಿರವಾದ ಲಿಂಗಾಂಬುಧಿ ಕೆರೆಗೂ ಈ ಕಥೆಯಲ್ಲೊಂದು ಜಾಗವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ ಕಟ್ಟಿಸಿದ ಕೆರೆ ಇದು. ಅದೇ ಅರಸರ ಇನ್ನೊಬ್ಬ ರಾಣಿ ದೇವಾಜಮ್ಮಣ್ಣಿಯವರು 1806ರಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಂಡು, ಹೆದರಿದ್ದ ಜನಕ್ಕೆ ದಾರಿ ತೋರಿದರು. ಭಾರತದಲ್ಲಿ ಮೊದಲ ಲಸಿಕೆ ಬಿದ್ದು ಆಗ ನಾಲ್ಕೇ ವರ್ಷ. ಥಾಮಸ್ ಹಿಕಿ ಬರೆದ ಮೂವರು ರಾಜಸ್ತ್ರೀಯರ ತೈಲಚಿತ್ರ ಲಸಿಕೆಯ ಪ್ರಚಾರಕ್ಕೇ ಬರೆಸಿದ್ದೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಸೀರೆ ಸರಿಸಿ ತೋಳು ತೋರುವ ಆ ಭಂಗಿಯ ಚಿತ್ರ 2020ರಲ್ಲಿ ಮತ್ತೆ ಪತ್ರಿಕೆಗಳಲ್ಲಿ ಓಡಾಡಿತು. ಲಸಿಕೆಗೆ ಇನ್ನೂ ಕಾಯುತ್ತಿದ್ದ ಕಾಲದಲ್ಲಿ ಅದನ್ನು ನೋಡಿದ ಮೈಸೂರಿನವರಿಗೆ ಒಂದು ಸಮಾಧಾನವಿತ್ತು. ಅಂತಃಪುರದ ಹೆಣ್ಣುಮಗಳೊಬ್ಬಳು ಇಂಥದ್ದೇ ಹೊತ್ತಿನಲ್ಲಿ ಧೈರ್ಯ ಮಾಡಿದ್ದಳು.

ಮೈಸೂರಿನಲ್ಲಿ ಕೋವಿಡ್‌ನ ಮೊದಲ ಪ್ರಕರಣ ಗೊತ್ತಾದದ್ದು 2020ರ ಮಾರ್ಚ್ 21ರಂದು. ಮರುದಿನ ಜನತಾ ಕರ್ಫ್ಯೂ. ಸಂಜೆ ಐದಕ್ಕೆ ದೇಶವೆಲ್ಲ ಚಪ್ಪಾಳೆ, ಜಾಗಟೆ, ತಟ್ಟೆಗಳ ಸದ್ದು. ಆ ವಾರವೇ ನೆರೆಯ ನಂಜನಗೂಡಿನ ಔಷಧ ಕಾರ್ಖಾನೆಯ ನೌಕರರಲ್ಲಿ ಸೋಂಕು ಕಾಣಿಸಿಕೊಂಡು ಜಿಲ್ಲೆ ರಾಜ್ಯದ ಕಣ್ಣಿಗೆ ಬಿತ್ತು. ಶ್ರೀಕಂಠೇಶ್ವರನ ದೊಡ್ಡ ತೇರು ಆ ವರ್ಷ ಹೊರಡಲಿಲ್ಲ. ಸಾವಿರಾರು ಜನ ಮನೆಯಲ್ಲೇ ಕ್ವಾರಂಟೈನ್ ಆದರು. ಅವರ ಬಾಗಿಲಿಗೆ ಪ್ರತಿದಿನ ಹೋಗಿ ಜ್ವರ ಇದೆಯೇ, ಕೆಮ್ಮು ಇದೆಯೇ ಎಂದು ಕೇಳಿ ಬರೆದುಕೊಂಡವರು ಆಶಾ ಕಾರ್ಯಕರ್ತೆಯರು. ಒಂದು ಮಾಸ್ಕು, ಒಂದು ಪುಸ್ತಕ, ಬಿಸಿಲು. ರಾಜ್ಯದಲ್ಲಿ ಇಂಥವರು ಸುಮಾರು 42 ಸಾವಿರ. ಮೇ ತಿಂಗಳ ನಡುವೆ ಜಿಲ್ಲೆಯ ಅಷ್ಟೂ 90 ಸೋಂಕಿತರು ಗುಣವಾಗಿ ಮನೆಗೆ ಹೋದರು. ಆಮೇಲೆ ರೋಗ ಇನ್ನಷ್ಟು ಬಲವಾಗಿ ಮರಳಿತು ನಿಜ. ಆದರೆ ಆ ಒಂದು ದಿನದ ಸಂತೋಷ ಬೀದಿ ಸುತ್ತಿದ ಈ ಹೆಂಗಸರ ಕಾಲುಗಳ ಗಳಿಕೆ.

ಎಲ್ಲೆಡೆ ಅವರಿಗೆ ಆದರ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಗಳಾದವು. ಏಪ್ರಿಲ್ 22ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಏಳು ವರ್ಷಗಳವರೆಗೆ ಶಿಕ್ಷೆ ವಿಧಿಸುವ ತಿದ್ದುಪಡಿ ಮಾಡಿತು. ತಿದ್ದಿದ್ದು ಯಾವುದನ್ನು? ಅದೇ 1897ರ ಪ್ಲೇಗ್ ಕಾಯ್ದೆಯನ್ನು. ಬಾಗಿಲು ತಟ್ಟುವವರಿಗೆ ಅಧಿಕಾರ ಕೊಡಲೆಂದು ಹುಟ್ಟಿದ ಕಾನೂನು 123 ವರ್ಷಗಳ ಮೇಲೆ ಬಾಗಿಲು ತಟ್ಟುವವರನ್ನು ಕಾಪಾಡಲು ಬದಲಾಯಿತು.

ಉಪಕಾರ ಸ್ಮರಣೆಯ ದೊಡ್ಡ ಪ್ರದರ್ಶನಗಳೂ ನಡೆದವು. ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ. ಮೇ 3ರಂದು ವಾಯುಪಡೆಯ ಹೆಲಿಕಾಪ್ಟರುಗಳು ದೇಶದ ಆಸ್ಪತ್ರೆಗಳ ಮೇಲೆ ಹೂವಿನ ಪಕಳೆ ಸುರಿದವು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಅಂಗಳಕ್ಕೂ ಹೂ ಬಿತ್ತು, ಪ್ಲೇಗಿನ ವರ್ಷಗಳಲ್ಲೇ ಕಟ್ಟಿ 1900ರಲ್ಲಿ ತೆರೆದ ಆಸ್ಪತ್ರೆ ಅದು. ಅದೇ ಬೇಸಿಗೆಯಲ್ಲಿ ರಾಜ್ಯದ ಹೂ ಬೆಳೆಗಾರರು ಮದುವೆಯಿಲ್ಲದ, ಜಾತ್ರೆಯಿಲ್ಲದ ಹಂಗಾಮಿನಲ್ಲಿ ಹೂವನ್ನು ಹೊಲದಲ್ಲೇ ಉಳುತ್ತಿದ್ದರು. ಮೇ 6ರಂದು ಸರ್ಕಾರ ಅವರಿಗೆ ಹೆಕ್ಟೇರಿಗೆ 25 ಸಾವಿರ ರೂಪಾಯಿ, ಕ್ಷೌರಿಕರು, ಅಗಸರು, ಆಟೋ–ಟ್ಯಾಕ್ಸಿ ಚಾಲಕರಿಗೆ ತಲಾ ಐದು ಸಾವಿರ ರೂಪಾಯಿ ಪರಿಹಾರ ಪ್ರಕಟಿಸಿತು. ಬಟ್ಟೆ ಇಸ್ತ್ರಿಗೆ ಕೊಡುತ್ತಿದ್ದ, ಆಟೋ ಕರೆಯುತ್ತಿದ್ದ ಮನೆಗಳಿಗೆ, ತಮ್ಮ ದಿನ ಎಷ್ಟು ಜನರ ದುಡಿಮೆಯ ಮೇಲೆ ನಿಂತಿತ್ತೆಂಬುದರ ಪಟ್ಟಿಯೇ ಆ ಪ್ರಕಟಣೆಯಲ್ಲಿ ಸಿಕ್ಕಿತು.

ಹಾಲಿನದು ಇನ್ನೊಂದು ಮುಖ. ಹೋಟೆಲು, ಸಿಹಿ ಅಂಗಡಿಗಳು ಮುಚ್ಚಿ ಹಾಲು ಉಳಿಯತೊಡಗಿತು. ಹಳ್ಳಿಯ ಡೇರಿಯಲ್ಲಿ ಹಾಲು ಹಾಕಿಸಿಕೊಳ್ಳುವುದನ್ನು ನಿಲ್ಲಿಸಿದರೆ ರೈತ ಹೆಂಗಸರ ವಾರದ ಖರ್ಚು ನಿಲ್ಲುತ್ತದೆ. ಏಪ್ರಿಲ್ ಮೊದಲ ವಾರದಿಂದ ರಾಜ್ಯ ಸರ್ಕಾರ ಕೆ.ಎಂ.ಎಫ್.ನಿಂದ ದಿನಕ್ಕೆ ಸುಮಾರು ಏಳು ಲಕ್ಷ ಲೀಟರ್ ನಂದಿನಿ ಹಾಲು ಕೊಂಡು ಕೊಳೆಗೇರಿಗಳ ಬಡವರಿಗೆ ಉಚಿತವಾಗಿ ಹಂಚಿತು. ಒಂದೇ ಆದೇಶದಲ್ಲಿ ಕರೆದವರಿಗೆ ದುಡ್ಡು, ಇಲ್ಲದ ಮಕ್ಕಳಿಗೆ ಹಾಲು. ಲಾಕ್‌ಡೌನಿನ ಆಡಳಿತದಲ್ಲಿ ಮೆಚ್ಚಲು ಒಂದನ್ನೇ ಆರಿಸಬೇಕೆಂದರೆ ಇದನ್ನೇ ಆರಿಸಬೇಕು.

1892ರಲ್ಲಿ ಚಾಮರಾಜೇಂದ್ರ ಒಡೆಯರು ಕಟ್ಟಿದ ಮೈಸೂರಿನ ಮೃಗಾಲಯವೂ ಮಾರ್ಚ್ ನಡುವೆಯೇ ಮುಚ್ಚಿತ್ತು. ಟಿಕೆಟ್ಟಿನ ಹಣದಿಂದಲೇ ನಡೆಯುವ ಸಂಸ್ಥೆ ಅದು. ಆನೆ, ಹುಲಿ, ಜಿರಾಫೆಗಳ ಹೊಟ್ಟೆಗೆ ರಜೆ ಇಲ್ಲ. ಉಸ್ತುವಾರಿ ಸಚಿವ ಎಸ್.ಟಿ. ಸೋಮಶೇಖರ್ ದಾನಿಗಳಿಂದ ಹಣ ಸಂಗ್ರಹಿಸಿದರು, ಮೈಸೂರಿನ ಎಷ್ಟೋ ಮನೆಯವರು ಪ್ರಾಣಿಗಳನ್ನು ದತ್ತು ಪಡೆದರು. ಬಾಲ್ಯದ ಭಾನುವಾರಗಳ ಋಣ ಹಾಗೆ ತೀರಿತು. ಜೂನ್ 8ಕ್ಕೆ ಬಾಗಿಲು ಮತ್ತೆ ತೆರೆಯಿತು.

ಆ ವರ್ಷ ದಸರೆ ನಡೆಯುವುದೇ ಎಂಬ ಪ್ರಶ್ನೆ ಇತ್ತು. ನಡೆಯಿತು, ಸರಳವಾಗಿ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಪರಂಪರೆಗೆ ಆ ವರ್ಷ 410 ತುಂಬಿತ್ತು. ಅಕ್ಟೋಬರ್ 17ರಂದು ಚಾಮುಂಡಿ ಬೆಟ್ಟದಲ್ಲಿ ದೇವಿಗೆ ಹೂವೆರಚಿ ಉದ್ಘಾಟಿಸಿದವರು ಜಯದೇವ ಹೃದ್ರೋಗ ಸಂಸ್ಥೆಯ ಡಾ. ಸಿ.ಎನ್. ಮಂಜುನಾಥ್. ಅವರ ಜೊತೆ ವೇದಿಕೆಯಲ್ಲಿ ಗೌರವ ಪಡೆದವರಲ್ಲಿ ಒಬ್ಬ ಶುಶ್ರೂಷಕಿ, ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಪೊಲೀಸ್ ಕಾನ್‌ಸ್ಟೆಬಲ್, ಒಬ್ಬ ಪೌರಕಾರ್ಮಿಕ ಮಹಿಳೆ ಇದ್ದರು. ಜಂಬೂ ಸವಾರಿ ಅರಮನೆಯ ಆವರಣ ದಾಟಲಿಲ್ಲ. ಅಭಿಮನ್ಯು ಮೊದಲ ಬಾರಿಗೆ ಚಿನ್ನದ ಅಂಬಾರಿ ಹೊತ್ತ. ಬನ್ನಿಮಂಟಪದವರೆಗಿನ ರಸ್ತೆಗಳ ಇಕ್ಕೆಲಗಳು ಬರಿದಾಗಿದ್ದವು.

ಲಕ್ಷಾಂತರ ಜನ ಸೇರುವ ದಸರೆಗಳ ಚಿತ್ರಗಳು ಮೈಸೂರಿನಲ್ಲಿ ಬೇಕಾದಷ್ಟಿವೆ. ಆದರೆ ಬೆಟ್ಟದ ಮೇಲಿನ ಆ ಚಿಕ್ಕ ಸಭೆಗೆ ಮೈಸೂರಿನ ಇತಿಹಾಸದಲ್ಲಿ ಅವುಗಳಿಗಿಂತ ಹೆಚ್ಚಿನ ತೂಕವಿದೆ. ಪ್ಲೇಗಿನ ಕಾಲದ ಮೈಸೂರು ಯಾರಿಗಾಗಿ ಹಿತ್ತಿಲ ಓಣಿ ಬಿಟ್ಟಿತ್ತೋ ಆ ದುಡಿಮೆಯ ವಾರಸುದಾರಳೊಬ್ಬಳನ್ನು ಊರಿನ ಅತಿ ಎತ್ತರದ ಜಾಗಕ್ಕೆ, ನಾಡಹಬ್ಬದ ಮೊದಲ ಘಳಿಗೆಗೆ, ಎಲ್ಲರ ಎದುರಿಗೆ ಕರೆಯಲಾಯಿತು. ಮಾರಮ್ಮನಿಗೂ ಅರಸರಿಗೂ ಮಾತ್ರ ಸಲ್ಲುತ್ತಿದ್ದ ಗೌರವದಲ್ಲಿ ಒಂದು ಪಾಲು ಬೀದಿ ಗುಡಿಸುವ ಕೈಗೆ ಬಂತು. ಇದು ಒಂದು ದಿನದ ಸಮಾರಂಭ ಎನ್ನುವುದು ಸುಲಭ. ಆದರೆ ಆ ಒಂದು ದಿನ ಬರಲು ಮೈಸೂರು ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಯ್ದಿತ್ತು.

ಎರಡನೆಯ ಅಲೆಯ ಬಗ್ಗೆ ಹೀಗೆ ಬರೆಯಲು ಕೈ ಬರುವುದಿಲ್ಲ. 2021ರ ಏಪ್ರಿಲ್ ಕೊನೆಯಿಂದ ಮತ್ತೆ ಬೀಗ ಬಿದ್ದಾಗ ಮೈಸೂರು ರಾಜ್ಯದಲ್ಲೇ ಹೆಚ್ಚು ನಲುಗಿದ ಜಿಲ್ಲೆಗಳಲ್ಲೊಂದು. ಮೇ ಮೊದಲ ವಾರ ಪಕ್ಕದ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯ ನಡುವೆ, ಸರ್ಕಾರ ಮೊದಲು ಕೊಟ್ಟ ಲೆಕ್ಕದಂತೆಯೇ, 24 ರೋಗಿಗಳು ಸತ್ತರು. ಆ ಮನೆಗಳಿಗೆ ಕೃತಜ್ಞತೆಯ ಮಾತು ಹೇಳುವ ಹಕ್ಕು ಯಾರಿಗೂ ಇಲ್ಲ.

ಚಪ್ಪಾಳೆ ಪಡೆದವರು ಏನು ಕೇಳಿದರು ಎಂಬುದನ್ನೂ ಈ ಇತಿಹಾಸದಲ್ಲಿ ಬರೆಯಬೇಕು. ಹೂಮಳೆಗೆ ಎರಡು ತಿಂಗಳು ಕಳೆದು, 2020ರ ಜುಲೈ 10ರಂದು, ಪಿಡುಗು ಏರುತ್ತಿದ್ದಾಗಲೇ ರಾಜ್ಯದ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದರು. ಬೇಡಿಕೆ ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ, ಕೆಲಸದ ವೇಳೆ ಸುರಕ್ಷೆ. ಗುತ್ತಿಗೆಯ ಮೇಲೆ, ನೇರ ಪಾವತಿಯ ಮೇಲೆ ದುಡಿಯುತ್ತಿದ್ದ ಪೌರಕಾರ್ಮಿಕರು 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ರಾಜ್ಯದ ಊರೂರುಗಳಲ್ಲಿ ಬೀದಿಗಿಳಿದರು. ಮೂರು ತಿಂಗಳೊಳಗೆ ಸಚಿವ ಸಂಪುಟ 11,133 ಪೌರಕಾರ್ಮಿಕರ ಸೇವೆ ಕಾಯಂಗೊಳಿಸಲು ಒಪ್ಪಿತು. ಅಂಥ ಕೈಗಳಿಗೆ ಪಿಂಚಣಿ, ರಜೆ, ವೈದ್ಯಕೀಯ ವೆಚ್ಚ ಎಂಬ ಪದಗಳು ಆಗ ಮೊದಲ ಬಾರಿಗೆ ಹತ್ತಿರ ಬಂದವು.

ಆಶಾ ಕಾರ್ಯಕರ್ತೆಯರ ಹಾದಿ ಇನ್ನೂ ಉದ್ದವಾಯಿತು. 2025ರ ಜನವರಿಯ ಚಳಿಯಲ್ಲಿ ಸಾವಿರಾರು ಹೆಂಗಸರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ಈ ಬಾರಿ ಕೇಳಿದ್ದು 15 ಸಾವಿರ. ನಾಲ್ಕನೆಯ ದಿನ ಮೈಸೂರಿನವರೇ ಆದ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರೊಂದಿಗೆ ಮಾತುಕತೆಯಾಗಿ, ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿ ಕೈಸೇರುವಂತೆ ಮಾಡುವ ಭರವಸೆ ಸಿಕ್ಕಿತು. ಲಾಕ್‌ಡೌನಿನ ವರ್ಷ ಅವರು ಕೇಳಿದ್ದಕ್ಕಿಂತ ಅದು ಎರಡು ಸಾವಿರ ಕಡಿಮೆ.